ಮಹಿಷನಿಗೂ ಅಮ್ಮ ಇದ್ದಾಳಾ?

ಮೇ ತಿಂಗಳ ಎರಡನೇ ವಾರ ಅಣ್ಣ ಫೋನ್ ಮಾಡಿದ್ದ. "ಆಚೆ ಮನೆಯವರ ಹರಕೆ ಆಟ ಉಂಟು. ದೇವಿ ಮಹಾತ್ಮೆ, ಬೆಳಗ್ಗಿನವರೆಗೆ. ಇದು ಬಿಟ್ರೆ ಇನ್ನು ಮಳೆ ಮುಗಿದ ಮೇಲೆಯೇ. ಮಕ್ಕಳನ್ನು ಕರ್ಕೊಂಡು ಬಾ" ಅಂದ. ಪತ್ತನಾಜೆಗೆ ನಾಲ್ಕೇ ದಿನ ಇರುವಾಗಿನ ಯಕ್ಷಗಾನದ ಆಟ ಅದು.

ಕರಾವಳಿಯವರಿಗೆ ಪತ್ತನಾಜೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ತುಳುವರ ಲೆಕ್ಕದಲ್ಲಿ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24ರ ಆಸುಪಾಸಿಗೆ ಬರುತ್ತದೆ. ನವೆಂಬರ್ ಹೊತ್ತಿಗೆ ದೇವಸ್ಥಾನದಲ್ಲಿ ಗೆಜ್ಜೆ ಕಟ್ಟಿ ಹೊರಟ ಯಕ್ಷಗಾನ ಮೇಳಗಳು ಆರು ತಿಂಗಳು ಊರೂರು ತಿರುಗಿ ಆ ದಿನ ಗೆಜ್ಜೆ ಬಿಚ್ಚುತ್ತವೆ. ದೈವಗಳ ಕೋಲ, ನೇಮಗಳೂ ಅಲ್ಲಿಗೆ ನಿಲ್ಲುತ್ತವೆ. ಆಮೇಲೆ ಮಳೆ. ಹಾಗಾಗಿ ಬೇಸಿಗೆ ರಜೆಯಲ್ಲಿ ಅಜ್ಜಿಮನೆಗೆ ಬಂದ ಮಕ್ಕಳಿಗೆ ಸಿಗುವುದು ತಿರುಗಾಟದ ಕೊನೆಯ ಆಟಗಳು. ಕಲಾವಿದರ ಕಾಲು ಸೋತಿರುತ್ತದೆ, ಸ್ವರ ಮಾತ್ರ ಹದಕ್ಕೆ ಬಂದು ನಿಂತಿರುತ್ತದೆ. ನಾನು ಚಿಕ್ಕವಳಿದ್ದಾಗ ನೋಡಿದ ಆಟಗಳೆಲ್ಲ ಹೀಗೆ ಮೇ ತಿಂಗಳವೇ.

ಆದರೂ ಹೂಂ ಅನ್ನಲು ಎರಡು ದಿನ ತೆಗೆದುಕೊಂಡೆ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಮಗಳು ಹೆದರುವ ಹುಡುಗಿ. ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚುತ್ತಾಳೆ, ಹುಟ್ಟುಹಬ್ಬದ ಬಲೂನ್ ಒಡೆದರೆ ಅಳುತ್ತಾಳೆ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಹೇಗೆ ಬರುತ್ತಾನೆಂದು ನನಗೆ ಗೊತ್ತಿದೆ. ಅವನು ವೇಷ ಕಟ್ಟುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವವನಲ್ಲ. ಎಲ್ಲಿಂದಲೋ ದೂರದಿಂದ, ಕೈಯಲ್ಲಿ ಉರಿಯುವ ದೊಂದಿ ಹಿಡಿದು, ರಾಳದ ಪುಡಿಯ ಬೆಂಕಿ ಮೇಲೆದ್ದ ಹಾಗೆಲ್ಲ ಅಬ್ಬರಿಸುತ್ತಾ, ಕುಳಿತ ಜನರ ನಡುವೆಯೇ ನುಗ್ಗಿ ಬರುತ್ತಾನೆ. ದೊಡ್ಡವರೇ ಎದ್ದು ದಾರಿ ಬಿಡುತ್ತಾರೆ.

ಹಿಂಜರಿಕೆಗೆ ಇನ್ನೊಂದು ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಬೇಸಿಗೆಯ ಜನಪದ ಉತ್ಸವಕ್ಕೆ ಮಗಳನ್ನು ಆಸೆಪಟ್ಟು ಕರೆದುಕೊಂಡು ಹೋಗಿದ್ದೆ. ಡೊಳ್ಳು ಕುಣಿತ, ವೀರಗಾಸೆ, ಕಂಸಾಳೆ, ಪೂಜಾ ಕುಣಿತ, ಸೋಮನ ಕುಣಿತ, ಒಂದೇ ಸಂಜೆಗೆ ಹತ್ತು ತಂಡ. ಒಬ್ಬೊಬ್ಬರಿಗೆ ಏಳೆಂಟು ನಿಮಿಷ. ಬೀರೇಶ್ವರನ ಜಾತ್ರೆಯಲ್ಲಿ ಹೊತ್ತು ಗೊತ್ತಿಲ್ಲದೆ ಬಾರಿಸುವ ಡೊಳ್ಳಿನವರು ಬೆವರು ಬರುವ ಮೊದಲೇ ಇಳಿದು ಹೋದರು. ವೀರಗಾಸೆಯವರು ದಕ್ಷಯಜ್ಞದ ಒಡಪು ಎತ್ತುವಷ್ಟರಲ್ಲಿ ನಿರೂಪಕಿ ಮೈಕ್ ಹಿಡಿದು ಬಂದಿದ್ದಳು. ಮಲೆ ಮಹದೇಶ್ವರನ ಕಥೆಯನ್ನು ರಾತ್ರಿ ರಾತ್ರಿ ಹಾಡುವ ದೇವರಗುಡ್ಡರು ಬಟ್ಟಲಿನಂಥ ತಾಳವನ್ನು ಒಂದು ಕೈಯಲ್ಲೂ ಚಪ್ಪಟೆ ತಾಳವನ್ನು ಇನ್ನೊಂದು ಕೈಯಲ್ಲೂ ಹಿಡಿದು ಬೀಸು ಕಂಸಾಳೆ ಮಾಡಿದಾಗ ಮಗಳು ಕುರ್ಚಿಯ ತುದಿಗೆ ಬಂದು ಕುಳಿತಳು. ಕಣ್ಣು ಅರಳಿತ್ತು. ಅಷ್ಟರಲ್ಲಿ ಅವರೂ ಹೋದರು. ಎಲ್ಲ ಮುಗಿದು ಜನ ಎದ್ದಾಗ ಅವಳು ಕೇಳಿದಳು, "ಅಮ್ಮಾ, ಶುರು ಯಾವಾಗ ಆಗತ್ತೆ?"

ಆ ಪ್ರಶ್ನೆ ನನ್ನೊಳಗೆ ಉಳಿದುಬಿಟ್ಟಿತ್ತು. ಕಲಾವಿದರಲ್ಲಿ ಕೊರತೆ ಇರಲಿಲ್ಲ, ಮಗುವಿನಲ್ಲೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಣುವಷ್ಟು ಹೊತ್ತು ಸಿಗಲಿಲ್ಲ, ಅಷ್ಟೆ. ಸಣ್ಣ ಮಕ್ಕಳಿಗೆ ತಾಳ್ಮೆ ಕಡಿಮೆ, ಎಲ್ಲವೂ ಚುಟುಕಾಗಿರಬೇಕು ಎಂದು ನಾವು ತಿಳಿದಿರುತ್ತೇವೆ. ನನ್ನ ಅನುಭವ ಬೇರೆ. ಅರ್ಧ ಗಂಟೆ ಇರುವೆ ಸಾಲನ್ನು ನೋಡುತ್ತಾ ಕೂರುವುದು ಮಕ್ಕಳೇ ಹೊರತು ನಾವಲ್ಲ.

ಕೊನೆಗೆ ಹೊರಟೆ. ಇವರಿಗೆ ರಜೆ ಸಿಗಲಿಲ್ಲ, ನಾನೊಬ್ಬಳೇ ಇಬ್ಬರನ್ನೂ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿದೆ. ದಾರಿಯಲ್ಲೇ ಒಂದು ಉಪಾಯ ಹೊಳೆದಿತ್ತು. ಮಹಿಷನ ಪ್ರವೇಶದ ಮೊದಲೇ ಮಗಳನ್ನು ಚೌಕಿಗೆ ಕರೆದುಕೊಂಡು ಹೋಗಿ, ವೇಷ ಕಟ್ಟುವುದನ್ನು ತೋರಿಸಿಬಿಟ್ಟರೆ? ಬಣ್ಣದ ಒಳಗೆ ಒಬ್ಬ ಮಾವ ಇದ್ದಾರೆ ಎಂದು ಗೊತ್ತಾದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಅಮ್ಮನಿಗೆ ಹೇಳಿದೆ. ಅವರು ಕಾಯಿ ಹೆರೆಯುತ್ತಾ, "ಹೆದರ್ಲಿ ಬಿಡು. ಹೆದರಿದ್ರೆ ಮಡಿಲು ಉಂಟಲ್ಲ" ಅಂದರು. ನನಗೆ ಆ ಮಾತು ಹಳೇ ಕಾಲದ್ದು ಅನ್ನಿಸಿತು.

ಆಟ ಇದ್ದದ್ದು ಆಚೆ ಮನೆಯವರ ಬೈಲು ಗದ್ದೆಯಲ್ಲಿ. ಕೊಯ್ಲಾಗಿ ತಿಂಗಳುಗಳೇ ಕಳೆದಿದ್ದವು; ಮಣ್ಣು ಕಲ್ಲಿನಂತೆ ಗಟ್ಟಿ, ಅಲ್ಲಲ್ಲಿ ಬಿರುಕು, ಕಾಲಿಗೆ ಚುಚ್ಚುವ ಕೂಳೆ. ಒಂದು ಬದಿಯಲ್ಲಿ ರಂಗಸ್ಥಳ, ಅದರ ಹಿಂದೆ ಸ್ವಲ್ಪ ದೂರಕ್ಕೆ ತಗಡು ಹಾಕಿ ಟಾರ್ಪಾಲ್ ಕಟ್ಟಿದ ಚೌಕಿ. ಗದ್ದೆಯ ಹುಣಿಯ, ಅಂದರೆ ಬದುವಿನ, ಆಚೆ ಅಡಿಕೆ ತೋಟ. ಸೆಕೆ ಎಂದರೆ ಸೆಕೆ, ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಮೂಡು ದಿಕ್ಕಿನಲ್ಲಿ ಮೋಡ ಕಟ್ಟಿ ಆಗಾಗ ಮಿಂಚುತ್ತಿತ್ತು. ಹರಕೆ ಹೊತ್ತ ಮನೆಯವರು ಅದನ್ನೇ ನೋಡುತ್ತಾ, "ಬೆಳಗ್ಗಿನವರೆಗೆ ತಡೀಲಿ ದೇವರೇ" ಅನ್ನುತ್ತಿದ್ದರು.

ಚೌಕಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಪರಿಚಯವಿದ್ದ ಅಣ್ಣ ಮೊದಲೇ ಕೇಳಿಟ್ಟಿದ್ದ. ಎದುರಿಗೇ ದೇವರು, ದೀಪ. ಎರಡು ಸಾಲಿನಲ್ಲಿ ಕಲಾವಿದರು ಅವರವರ ಪೆಟ್ಟಿಗೆಯ ಮುಂದೆ ಕುಳಿತು ಅಂಗೈಯಗಲದ ಕನ್ನಡಿಯಲ್ಲಿ ಮುಖ ನೋಡುತ್ತಾ ಬಣ್ಣ ಬರೆಯುತ್ತಿದ್ದರು. ಯಾರು ಎಲ್ಲಿ ಕೂರಬೇಕೆನ್ನುವುದಕ್ಕೂ ಅಲ್ಲಿ ಕ್ರಮವಿದೆ. ಯಾರೂ ಯಾರ ಜಾಗಕ್ಕೂ ಹೋಗುವುದಿಲ್ಲ. ತೆಂಗಿನೆಣ್ಣೆಯ, ಬೆವರಿನ, ಮಲ್ಲಿಗೆಯ ವಾಸನೆ ಒಟ್ಟಿಗೇ ಬಂತು. ಮೂವತ್ತು ವರ್ಷದ ಹಿಂದಿನ ಅದೇ ವಾಸನೆ. ನನಗೆ ಒಂದು ಕ್ಷಣ ಮಾತು ಬರಲಿಲ್ಲ.

ಮಹಿಷಾಸುರ ಮಾಡುವವರು ಮೂಲೆಯಲ್ಲಿದ್ದರು. ಐವತ್ತರ ಮೇಲಿನ ತೆಳ್ಳಗಿನ ಮನುಷ್ಯ, ಸೊಂಟಕ್ಕೊಂದು ಬೈರಾಸು, ಬರಿಮೈ. ಪಕ್ಕೆಲುಬು ಎಣಿಸಬಹುದಿತ್ತು. ಮುಖಕ್ಕೆ ಕಪ್ಪು ಹಚ್ಚಿ ಆಗಿತ್ತು. ಅದರ ಮೇಲೆ ಚಿಟ್ಟಿ ಇಡುತ್ತಿದ್ದರು. ಅಕ್ಕಿ ಹಿಟ್ಟನ್ನೂ ಸುಣ್ಣವನ್ನೂ ಕಲಸಿದ ಮುದ್ದೆಯನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು, ಒಂದೊಂದೇ ಚುಕ್ಕಿಯಾಗಿ, ಹುಬ್ಬಿನ ಮೇಲಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ. ಚುಕ್ಕಿ ಚುಚ್ಚುವ ಹಾಗೆ ಎದ್ದು ನಿಲ್ಲಬೇಕು. ಒಂದು ಸಾಲು ಒಣಗಿದ ಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಸಾಲು. ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಗಳಿಗೆ, ಇದೇ ಗಂಟೆಗಟ್ಟಲೆ ಹಿಡಿಯುವ ಕೆಲಸ. ಆ ಹೊತ್ತಿನಲ್ಲಿ ಅವರು ಮಾತಾಡುವ ಹಾಗಿಲ್ಲ, ನಗುವ ಹಾಗೂ ಇಲ್ಲ. ಮುಖ ಸಡಿಲಿಸಿದರೆ ಒಣಗುತ್ತಿರುವ ಚಿಟ್ಟಿ ಉದುರುತ್ತದೆ.

ಮಗಳು ಅವರ ಮುಂದೆ ಮಂಡಿಯೂರಿ ಕುಳಿತಳು. ಅವರು ಕನ್ನಡಿಯಲ್ಲೇ ಅವಳನ್ನು ನೋಡಿ ಹುಬ್ಬನ್ನೂ ಅಲ್ಲಾಡಿಸದೆ ಕಣ್ಣನ್ನಷ್ಟೇ ಮಿಟುಕಿಸಿದರು. ಅವಳೂ ಮಿಟುಕಿಸಿದಳು. ಹಾಗೆಯೇ ಇಪ್ಪತ್ತು ನಿಮಿಷ. ಪಕ್ಕದಲ್ಲಿ ಭುಜಕೀರ್ತಿ, ಎದೆಕಟ್ಟು, ಕೈಕಟ್ಟು, ಎರಡು ಕೋಡು ಮೂಡಿದ ದೊಡ್ಡ ಕಿರೀಟ. ಹಗುರ ಮರದ ಮೇಲೆ ಬೇಗಡೆ, ಕನ್ನಡಿ ಚೂರು ಕೂರಿಸಿದ್ದು. ಅವಳು ಒಂದು ಕೋಡನ್ನು ಬೆರಳ ತುದಿಯಲ್ಲಿ ಮುಟ್ಟಿದಳು. ಅವರು ಬೇಡ ಅನ್ನಲಿಲ್ಲ.

ಆಚೆ ಸಾಲಿನಲ್ಲಿ ದೇವಿಯ ವೇಷದವರು ಸೀರೆ ಉಡುತ್ತಿದ್ದರು. ಮಗಳು ನನ್ನ ಕಿವಿಯಲ್ಲಿ, "ದೇವಿನೂ ಮಾವನಾ?" ಅಂದಳು. ಮೇಳದಲ್ಲಿ ಹೆಣ್ಣು ವೇಷವನ್ನೂ ಗಂಡಸರೇ ಮಾಡುವುದು ಹಿಂದಿನಿಂದ ಬಂದ ಕ್ರಮ. ನಾನು ಏನೋ ವಿವರಿಸಲು ಹೊರಟೆ. ಅಮ್ಮ ಹಿಂದಿನಿಂದ, "ಗೆಜ್ಜೆ ಕಟ್ಟುವವರೆಗೆ ಮಾವ. ಆಮೇಲೆ ದೇವಿ" ಅಂದರು. ಮಗಳು ತಲೆಯಾಡಿಸಿದಳು. ಅವಳಿಗೆ ಅದು ಸಾಕಾಯಿತು.

ಹೊರಗೆ ಬಂದಾಗ ನನಗೆ ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವಿತ್ತು. "ನೋಡಿದ್ಯಲ್ಲ, ಪಾಪದ ಮಾವ. ಹೆದರ್ಬಾರ್ದು, ಆಯ್ತಾ?" ಅಂದೆ. "ನಂಗೆ ಹೆದರಿಕೆನೇ ಇಲ್ಲ" ಅಂದಳು.

ಊಟ ಮುಗಿಸಿ ಚಾಪೆ ಹಿಡಿದು ಹೋದೆವು. ಜಾಗ ಹಿಡಿಯುವ ವಿಷಯದಲ್ಲಿ ಅಣ್ಣ ಗಟ್ಟಿ ಮನುಷ್ಯ. ಮುಂದಿನ ಸಾಲು ಬೇಡವೇ ಬೇಡ ಅಂದ. ಅಲ್ಲಿ ಧ್ವನಿವರ್ಧಕದ ಪೆಟ್ಟಿಗೆ ಕಿವಿಗೇ ಹೊಡೆಯುತ್ತದೆ. ಸಣ್ಣ ಮಕ್ಕಳ ಕಿವಿ ನಮ್ಮ ಕಿವಿಯಂತಲ್ಲ. ಮಹಿಷ ಬರುವ ದಾರಿಯ ಬದಿಯೂ ಬೇಡ, ಬೆಂಕಿಯ ಕಿಡಿ ಹಾರುತ್ತದೆ. ರಂಗಸ್ಥಳದ ಎಡಕ್ಕೆ, ಹುಣಿಗೆ ಬೆನ್ನು ಕೊಟ್ಟು ಕೂರುವ ಜಾಗ ಆರಿಸಿದ. ಎರಡು ಚಾಪೆ, ಅದರ ಮೇಲೆ ಅಮ್ಮನ ಹಳೇ ಸೀರೆ ಮಡಚಿ ಹಾಕಿದ್ದು, ಹೊದೆಯಲು ಇನ್ನೊಂದು, ನೀರಿನ ಬಾಟಲಿ, ಟಾರ್ಚು, ಎರಡು ಕೊಡೆ. ಮಕ್ಕಳ ಕಾಲಿಗೆ ಸೊಳ್ಳೆ ಮುಲಾಮು ಹಚ್ಚಿದೆ. ನಮ್ಮ ಸುತ್ತ ಇಂಥವೇ ಹತ್ತಿಪ್ಪತ್ತು ಚಾಪೆಗಳು, ಎಲ್ಲದರಲ್ಲೂ ಒಂದೆರಡು ಮಕ್ಕಳು.

ಕಥೆಗೆ ಮೊದಲಿನ ಪೂರ್ವರಂಗದಲ್ಲಿ ಬಾಲಗೋಪಾಲರು ಬಂದರು. ಹದಿನೈದೋ ಹದಿನಾರೋ ವಯಸ್ಸಿನ ಇಬ್ಬರು ಹುಡುಗರು. ಮೇಳಕ್ಕೆ ಹೊಸದಾಗಿ ಸೇರಿದವರು ಗೆಜ್ಜೆ ಕಟ್ಟಿ ಕಲಿಯುವುದು ಕೋಡಂಗಿ, ಬಾಲಗೋಪಾಲ ವೇಷಗಳಲ್ಲೇ. ಒಬ್ಬನ ಹೆಜ್ಜೆ ಒಮ್ಮೆ ತಪ್ಪಿತು. ಮದ್ದಳೆಯವರು ಅವನ ಕಡೆ ನೋಡಿ, ತಾಳವನ್ನು ಕಣ್ಣಲ್ಲೇ ಕೊಟ್ಟು ಸರಿ ದಾರಿಗೆ ತಂದರು. ಅದನ್ನು ನೋಡಿದವರು ಎಷ್ಟು ಜನವೋ ಗೊತ್ತಿಲ್ಲ. ನನಗಂತೂ ಆ ರಾತ್ರಿಯಲ್ಲಿ ಅದೊಂದು ಮರೆಯಲಾಗದ ಗಳಿಗೆ.

ಮಗ ಒಂಬತ್ತೂವರೆಗೇ ಮಲಗಿದ. ಮಧುಕೈಟಭರು ಬಂದು, ವಿಷ್ಣುವಿನ ಜತೆ ಕಾದಾಡಿ ಹೋಗುವವರೆಗೆ ಮಗಳು ಎಚ್ಚರವಿದ್ದಳು. ಆಮೇಲೆ ಅವಳೂ ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟಳು.

ಈ ಮಲಗುವ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ. ಈಗ ಅನೇಕ ಆಟಗಳು ಕಾಲಮಿತಿಯವು. ಸಂಜೆಗೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಕಲಾವಿದರಿಗೆ ನಿದ್ದೆ ಸಿಗುತ್ತದೆ, ಅವರ ಮೈಗೆ ಒಳ್ಳೆಯದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ "ಮಕ್ಕಳಿರುವವರಿಗೆ ಕಾಲಮಿತಿಯೇ ಒಳ್ಳೆಯದು" ಎಂದು ಹೇಳುವಾಗ ನಾನು ಒಪ್ಪುವುದಿಲ್ಲ. ಅಂಥ ಆಟದಲ್ಲಿ ಮಗು ಮಲಗಿದರೆ ಆಟ ತಪ್ಪಿಹೋಯಿತು, ಎಬ್ಬಿಸಬೇಕು, ಗದರಬೇಕು. ಇಡೀ ರಾತ್ರಿಯ ಆಟದಲ್ಲಿ ಮಗು ಮಲಗಬಹುದು. ಏಳಬಹುದು, ಅರ್ಧ ನೋಡಿ ಮತ್ತೆ ಮಲಗಬಹುದು. ಚೆಂಡೆ ನಿದ್ದೆಯೊಳಗೂ ಬಡಿಯುತ್ತಿರುತ್ತದೆ, ಕಥೆ ಅವಸರ ಮಾಡುವುದಿಲ್ಲ. ನಾನು ಕಂಡ ದೇವಿ ಮಹಾತ್ಮೆಗಳಲ್ಲಿ ಯಾವುದನ್ನೂ ಪೂರ್ತಿ ನೋಡಿದ ನೆನಪಿಲ್ಲ. ಒಂದು ವರ್ಷ ರಕ್ತಬೀಜ, ಒಂದು ವರ್ಷ ಚಂಡಮುಂಡರು ಕಂಡ ಉಯ್ಯಾಲೆಯ ಮೇಲಿನ ದೇವಿ, ಇನ್ನೊಂದು ವರ್ಷ ಬೆಳಗಿನ ಮಂಗಳ ಮಾತ್ರ. ತುಂಡು ತುಂಡು ಸೇರಿಸಿ ಹತ್ತು ಹನ್ನೆರಡು ವರ್ಷಕ್ಕೆ ನನಗೆ ಇಡೀ ಪ್ರಸಂಗ ಗೊತ್ತಾಯಿತು. ನನ್ನ ಅಜ್ಜಿ ಮಹಿಷನ ಹೊತ್ತಿಗೆ ಮಾತ್ರ ಬೆನ್ನು ತಟ್ಟಿ ಎಬ್ಬಿಸುತ್ತಿದ್ದರು. ಉಳಿದದ್ದಕ್ಕೆ ಎಬ್ಬಿಸುತ್ತಿರಲಿಲ್ಲ.

ಹನ್ನೆರಡೂವರೆ ದಾಟಿರಬೇಕು. ರಂಗಸ್ಥಳದ ದೀಪ ತಗ್ಗಿತು. ಚೆಂಡೆ ಒಂದೇ ಹದದಲ್ಲಿ, ಮೆಲ್ಲಗೆ, ಬಿಡದೆ ಬಾರಿಸತೊಡಗಿತು. ಚಾಪೆಗಳಲ್ಲಿ ಮಲಗಿದ್ದವರು ಒಬ್ಬೊಬ್ಬರೇ ಎದ್ದು ಕುಳಿತರು. ಅಮ್ಮ ಮಗಳ ಬೆನ್ನು ತಟ್ಟಿದರು. ಥೇಟ್ ಅಜ್ಜಿಯ ಹಾಗೆ, ಎರಡು ಸಲ, ಬೆರಳುಗಳನ್ನು ಮಡಚಿ. "ಏಳು ಮಗಾ. ಮಹಿಷ ಹೊರಟ."

ಎಲ್ಲರೂ ರಸ್ತೆಯ ಕಡೆ ನೋಡುತ್ತಿದ್ದರು. ಅವನು ಬಂದದ್ದು ಅಡಿಕೆ ತೋಟದ ಕಡೆಯಿಂದ. ಮೊದಲು ಮರಗಳ ಸಾಲಿನ ನಡುವೆ ಕೆಂಪು ಬೆಳಕು ಕಾಣಿಸಿತು, ಅಡಿಕೆ ಮರಗಳ ನೆರಳು ಗದ್ದೆಯ ಮೇಲೆ ಉದ್ದುದ್ದ ಬಿದ್ದು ಓಡಾಡಿತು. ಆಮೇಲೆ ಆ ಕೂಗು. ಗಂಟಲಿನದಲ್ಲ, ಹೊಟ್ಟೆಯದು. ರಾಳದ ಬೆಂಕಿ ಆಳೆತ್ತರ ಎದ್ದಾಗ ಎರಡು ಕೋಡು, ಬಿಳಿ ಚುಕ್ಕಿಯ ಕರಿ ಮುಖ ಕಂಡು ಮಾಯವಾಯಿತು. ಹುಣಿ ಹಾರಿ ಗದ್ದೆಗೆ ಇಳಿದ. ಜನ ಹೋ ಎಂದು ಎದ್ದರು. ಚೆಂಡೆ ಎರಡಾಯಿತು.

ಮಗಳು ಕಿರುಚಿ ಅಜ್ಜಿಯ ಸೆರಗಿನೊಳಗೆ ಹೊಕ್ಕಳು. ಮೈಯೆಲ್ಲ ನಡುಗುತ್ತಿತ್ತು. ನಾನು ಬಗ್ಗಿ, "ಅದು ಆ ಮಾವನೇ ಚಿನ್ನಾ, ನೀನು ಕಣ್ಣು ಮಿಟುಕಿಸಿದ್ಯಲ್ಲ, ಅವರೇ" ಅಂದೆ.

"ಅಲ್ಲ! ಆ ಮಾವ ಅಲ್ಲ! ಆ ಮಾವ ಎಲ್ಲಿ ಹೋದ್ರು?"

ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದೇ ಸರಿ ಇತ್ತು. ಬೈರಾಸು ಸುತ್ತಿಕೊಂಡು ಕುಳಿತಿದ್ದ ಆ ಸಣಕಲು ಮನುಷ್ಯ ಅಲ್ಲೆಲ್ಲೂ ಇರಲಿಲ್ಲ. ನನ್ನ ಉಪಾಯದಿಂದ ಅವಳ ಹೆದರಿಕೆ ಕಡಿಮೆಯಾಗಿರಲಿಲ್ಲ. ಒಬ್ಬ ಸ್ನೇಹಿತನನ್ನು ಕಳೆದುಕೊಂಡ ಸಂಕಟ ಅದಕ್ಕೆ ಸೇರಿತ್ತು, ಅಷ್ಟೆ. ಅಮ್ಮ ನನ್ನ ಕೈ ಹಿಡಿದು, "ಈಗ ಅವಳಿಗೆ ಎಂತದೂ ಹೇಳ್ಬೇಡ" ಅಂದರು. ಸೆರಗನ್ನು ಇನ್ನಷ್ಟು ಎಳೆದು ಮಗಳ ತಲೆ ಮುಚ್ಚಿದರು. ಅಷ್ಟೇ ಮಾಡಿದ್ದು.

ಮಹಿಷ ರಂಗಸ್ಥಳ ಏರಿದ. ಕುಣಿದ. ಆಮೇಲೆ ಆಟದವರು ಎಷ್ಟೋ ಕಾಲದಿಂದ ಮಾಡುತ್ತಾ ಬಂದದ್ದು ನಡೆಯಿತು. ನಾನೇ ಅದನ್ನು ಮರೆತಿದ್ದೆ. ಅಷ್ಟೆಲ್ಲ ಬೆಂಕಿ, ಅಬ್ಬರ ಮುಗಿದ ಮೇಲೆ ಮಹಿಷಾಸುರ ಮೊದಲು ಮಾತಾಡುವುದು ದೇವೇಂದ್ರನ ಜತೆ ಅಲ್ಲ, ದೇವಿಯ ಜತೆಯೂ ಅಲ್ಲ. ತನ್ನ ತಾಯಿ ಮಾಲಿನಿಯ ಜತೆ. ಅಮ್ಮನ ಹತ್ತಿರ ಬಂದು ಕೇಳುತ್ತಾನೆ: ನನ್ನ ಅಪ್ಪ ಯಾರು, ಎಲ್ಲಿದ್ದಾನೆ?

ಪ್ರಸಂಗದಲ್ಲಿ ಬರೆದಿರುವುದು ಪದ್ಯ ಮಾತ್ರ. ಮಾತನ್ನು ಕಲಾವಿದರು ಅಲ್ಲೇ, ಆ ಕ್ಷಣಕ್ಕೆ ಹೊಸೆಯುತ್ತಾರೆ. ಹಾಗಾಗಿ ಈ ತಾಯಿ ಮಗನ ಮಾತು ಒಂದು ರಾತ್ರಿ ಇದ್ದಂತೆ ಇನ್ನೊಂದು ರಾತ್ರಿ ಇರುವುದಿಲ್ಲ. ಆ ರಾತ್ರಿ ಮಹಿಷ ಮಾಲಿನಿಯ ಎದುರು ನೆಲದ ಮೇಲೆ ಕುಳಿತ. ಅಷ್ಟು ದೊಡ್ಡ ಕಿರೀಟ, ಆ ಕೋಡು ಹೊತ್ತು, ಮೊಣಕಾಲು ಮಡಚಿ ಕುಳಿತ. ಸ್ವರ ಇಳಿಸಿ, ಓರಗೆಯ ಹುಡುಗರು ಅಪ್ಪನ ಹೆಸರು ಕೇಳಿದಾಗ ತನಗೆ ಹೇಳಲು ಬಾಯಿ ಬರಲಿಲ್ಲ ಅಂದ. ಮಾಲಿನಿ ಮುಖ ತಿರುಗಿಸಿದಳು. ಗದ್ದೆಯಲ್ಲಿ ಸದ್ದಿಲ್ಲ.

ಸೆರಗಿನ ಸಂದಿಯಿಂದ ಒಂದು ಕಣ್ಣು ಹೊರಗೆ ಬಂತು.

"ಅಜ್ಜೀ, ಅವನಿಗೂ ಅಮ್ಮ ಇದ್ದಾಳಾ?"

"ಮತ್ತೆ? ಅಮ್ಮ ಇಲ್ಲದವರು ಯಾರು?"

ಇನ್ನೊಂದು ಕಣ್ಣೂ ಬಂತು. ಸ್ವಲ್ಪ ಹೊತ್ತಿಗೆ ಅವಳು ಎದ್ದು ಕುಳಿತಳು, ಸೆರಗಿನ ತುದಿ ಮಾತ್ರ ಮುಷ್ಟಿಯಲ್ಲಿ. ಅಪ್ಪನನ್ನು ದೇವೇಂದ್ರ ಕೊಂದ ಎಂದು ಮಾಲಿನಿ ಹೇಳಿದಾಗ ಮಹಿಷ ಮತ್ತೆ ಅಬ್ಬರಿಸಿದ, ಮೊದಲಿಗಿಂತ ಜೋರಾಗಿ. ಈ ಸಲ ಮಗಳು ಅಡಗಲಿಲ್ಲ. ಹೆದರಿದ್ದಳು, ಉಸಿರು ಬಿಗಿಹಿಡಿದಿದ್ದಳು, ಆದರೆ ನೋಡುತ್ತಿದ್ದಳು. ಅವನಿಗೆ ಯಾಕೆ ಸಿಟ್ಟು ಬಂತೆಂದು ಈಗ ಅವಳಿಗೆ ಗೊತ್ತಿತ್ತು.

ಚೌಕಿಯಲ್ಲಿ ನಾನು ತೋರಿಸಿದ್ದು ಬಣ್ಣ ಸುಳ್ಳು, ಒಳಗಿನ ಮನುಷ್ಯ ನಿಜ ಎಂದು. ಆಟ ಅವಳಿಗೆ ಬೇರೆಯದನ್ನೇ ಹೇಳಿತು. ಬಣ್ಣವನ್ನು ಸುಳ್ಳು ಮಾಡದೆ, ರಾಕ್ಷಸನನ್ನು ರಾಕ್ಷಸನಾಗಿಯೇ ಉಳಿಸಿ, ಅವನನ್ನು ಒಬ್ಬ ಅಮ್ಮನ ಮುಂದೆ ಕೂರಿಸಿತು.

ದೇವಿ ಬಂದಾಗ ಗದ್ದೆಯ ಗಾಳಿಯೇ ಬದಲಾದಂತಿತ್ತು. ಜನ ಕೈ ಮುಗಿದು ಎದ್ದು ನಿಂತರು. ಹೆಂಗಸರು ಸಾಲಾಗಿ ಹೋಗಿ ಮಲ್ಲಿಗೆಯ ಚೆಂಡು ಒಪ್ಪಿಸಿದರು. ಹರಕೆ ಹೊತ್ತ ಮನೆಯ ಹಿರಿಯ ಹೆಂಗಸು ಅಳುತ್ತಾ ನಿಂತಿದ್ದರು. ಆ ಹರಕೆ ಯಾಕಾಗಿ ಎಂದು ನನಗೆ ಗೊತ್ತಿತ್ತು, ಇಲ್ಲಿ ಬರೆಯುವುದಿಲ್ಲ. ಯಕ್ಷಗಾನವನ್ನು ಜನಪದ ಅನ್ನಬೇಕೋ ಶಾಸ್ತ್ರೀಯ ಅನ್ನಬೇಕೋ ಎಂದು ವಿದ್ವಾಂಸರು ವಾದ ಮಾಡುತ್ತಾರೆ, ಎರಡೂ ಕಡೆ ತೂಕದ ಮಾತಿದೆ. ಆ ತಾಯಿಯ ಪಕ್ಕ ನಿಂತಾಗ ನನಗೆ ಅದು ಹರಕೆ, ಅಷ್ಟೇ.

ಮಹಿಷ ಬಿದ್ದ. ಚೆಂಡೆ ಬಿಡ್ತಿಗೆಯ ಮುಕ್ತಾಯದ ಪೆಟ್ಟು ಕೊಟ್ಟು ನಿಂತಿತು, ಜನ ಚಪ್ಪಾಳೆ ತಟ್ಟಿದರು. ಮಗಳು ಚಪ್ಪಾಳೆ ತಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದಳು, "ಅವನ ಅಮ್ಮಂಗೆ ಯಾರು ಹೇಳ್ತಾರೆ?"

ಅಮ್ಮನೂ ನಾನೂ ಮುಖ ನೋಡಿಕೊಂಡೆವು. ಅವಳು ಉತ್ತರಕ್ಕೆ ಕಾಯದೆ ಮಲಗಿಬಿಟ್ಟಳು.

ರಕ್ತಬೀಜನ ಹೊತ್ತಿಗೆ ನಾಲ್ಕು ಹನಿ ಮಳೆ ಬಿತ್ತು. ಕೊಡೆ ಬಿಡಿಸಿ ಮಕ್ಕಳ ಮೇಲೆ ಹಿಡಿದು ಕುಳಿತೆವು. ಒಣ ಮಣ್ಣಿನ ವಾಸನೆ ಎದ್ದಿತು. ರಂಗಸ್ಥಳದಲ್ಲಿ ಅವನ ರಕ್ತದ ಒಂದೊಂದು ಹನಿಗೂ ಒಬ್ಬೊಬ್ಬ ಅಸುರ ಹುಟ್ಟುತ್ತಿದ್ದ. ಹರಕೆ ಮನೆಯವರ ಪ್ರಾರ್ಥನೆ ಫಲಿಸಿ ಮಳೆ ನಿಂತಿತು. ಶುಂಭ ನಿಶುಂಭರ ವಧೆಯಾಗುವಾಗ ಮೂಡು ಬೆಳ್ಳಗಾಗಿತ್ತು. ಮಂಗಳದ ಪದಕ್ಕೆ ಮಗ ಎಚ್ಚೆತ್ತ. ರಾತ್ರಿ ಎಲ್ಲೋ ಮಲಗಿದವನಿಗೆ ಬೆಳಗ್ಗೆ ಗದ್ದೆ, ಆಕಾಶ, ಎದುರಿಗೆ ಬಣ್ಣ ಬಣ್ಣದ ದೇವರುಗಳು. ಅವನು ಅಳಲಿಲ್ಲ. ಕಣ್ಣುಜ್ಜಿಕೊಂಡು, ತಿಂಡಿ ಡಬ್ಬಿಯ ಮುಚ್ಚಳದ ಮೇಲೆ ಎರಡೂ ಕೈಯಲ್ಲಿ ಬಡಿಯತೊಡಗಿದ. ಅಣ್ಣ ಬಗ್ಗಿ ಕೇಳಿ, "ಏಯ್, ಮಹಿಷನ ಚೆಂಡೆ ಮಾರಾಯ್ತಿ ಇದು" ಅಂದ. ನಿಧಾನಕ್ಕೆ ಶುರುವಾಗಿ, ಬಿಡದೆ, ಒಂದೇ ಹದದಲ್ಲಿ. ಅದು ನಡೆಯುವಾಗ ಅವನು ನನ್ನ ಕಾಲ ಮೇಲೆ ಗಾಢ ನಿದ್ದೆಯಲ್ಲಿದ್ದ.

ಚಾಪೆ ಸುತ್ತುವಾಗ ಚೌಕಿಯ ಹೊರಗೆ ಮಹಿಷ ಮಾಡಿದವರು ಚಾ ಕುಡಿಯುತ್ತಾ ನಿಂತಿದ್ದರು. ಬಣ್ಣ ತೆಗೆದು ತಾಸುಗಳೇ ಆಗಿರಬೇಕು. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಕಪ್ಪು ಉಳಿದಿತ್ತು. ಕೆನ್ನೆಯಲ್ಲಿ ಚಿಟ್ಟಿ ಅಂಟಿದ್ದ ಜಾಗವೆಲ್ಲ ಕೆಂಪಗಾಗಿತ್ತು. ಮಗಳು ನನ್ನ ಹಿಂದೆ ನಿಂತು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಂತ ಮಗಾ, ಹೆದರಿದ್ಯಾ?" ಅಂದರು. ಸ್ವರ ಪೂರ್ತಿ ಒಡೆದಿತ್ತು.

"ಹೂಂ" ಅಂದಳು. ಆಮೇಲೆ, "ನಿಮ್ಮಮ್ಮ ಎಲ್ಲಿ?"

ಅವರು ಚಾದ ಲೋಟ ಕೆಳಗಿಳಿಸಿದರು. "ಊರಲ್ಲಿ ಇದ್ದಾರೆ. ವಯಸ್ಸಾಯ್ತು, ಆಟಕ್ಕೆ ಬರ್ಲಿಕ್ಕಾಗುದಿಲ್ಲ. ಇನ್ನು ನಾಲ್ಕು ದಿನ. ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಸೀದಾ ಮನೆಗೇ ಹೋಗುದು." ಹೇಳುತ್ತಾ ಕಣ್ಣು ಮಿಟುಕಿಸಿದರು. ಅವಳೂ ಮಿಟುಕಿಸಿದಳು.

ಮುಂದಿನ ದಿನಗಳಲ್ಲಿ ಅಮ್ಮನ ಮನೆಯ ಅಂಗಳ ರಂಗಸ್ಥಳವಾಯಿತು. ಅಣ್ಣ ಅಡಿಕೆ ಹಾಳೆ ಕತ್ತರಿಸಿ ಕಿರೀಟ ಮಾಡಿಕೊಟ್ಟ. ನಾವೂ ಚಿಕ್ಕಂದಿನಲ್ಲಿ ಹಾಳೆಯದ್ದೇ ಕಿರೀಟ ಇಟ್ಟುಕೊಳ್ಳುತ್ತಿದ್ದೆವು. ಮಗಳು ಮಹಿಷ, ಮಗ ಬಾಲ್ದಿ ಬಡಿಯುವ ಚೆಂಡೆಯವನು, ನಾನು ಮಾಲಿನಿ. ದಿನಕ್ಕೆ ಮೂರು ಸಲ ನನ್ನ ಮಗಳು ಮೊಣಕಾಲು ಮಡಚಿ ನನ್ನ ಮುಂದೆ ಕುಳಿತು ಅಪ್ಪ ಎಲ್ಲಿ ಎಂದು ಕೇಳುತ್ತಿದ್ದಳು, ನಾನು ಪ್ರತಿಸಲ ಬೇರೆ ಮಾತು ಹುಡುಕಬೇಕಾಗಿತ್ತು. ನಿನ್ನೆ ಹೇಳಿದ್ದನ್ನೇ ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. ದೇವಿ ಬರುವವರೆಗೆ ಆಟ ಒಮ್ಮೆಯೂ ಮುಂದುವರಿಯಲಿಲ್ಲ. ತಾಯಿ ಮಗನ ಮಾತು ಮುಗಿದ ಕೂಡಲೇ ಅವಳು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ನಾಲ್ಕನೇ ದಿನ ಮಧ್ಯಾಹ್ನ ದೊಡ್ಡ ಮಳೆ ಬಂತು. ಅಂಗಳದಲ್ಲಿ ಬಿಟ್ಟ ಹಾಳೆ ಕಿರೀಟ ನೆನೆದು ಮೆತ್ತಗಾಯಿತು. ಮಗಳು ಜಗಲಿಯಲ್ಲಿ ಕುಳಿತು ಮಾಡಿನಿಂದ ಸುರಿಯುವ ನೀರನ್ನು ನೋಡುತ್ತಿದ್ದಳು.

"ಅಜ್ಜೀ, ಇವತ್ತು ಪತ್ತನಾಜೆ ಅಲ್ವಾ? ಮಹಿಷ ಮನೆಗೆ ಹೋಗಿರ್ತಾನಾ?"

ಅಮ್ಮ ಮಳೆಯ ಕಡೆ ನೋಡಿದರು. "ಬಸ್ಸು ಸಿಕ್ಕಿದ್ರೆ ಸಂಜೆಗೆ ತಲುಪ್ತಾನೆ" ಅಂದರು.